ಕೆಟ್ಟ ಕಂಡೆನ್ಸರ್ ಬೇಕಾಗಿದೆ

ಬಂದರಿನ ಕಡೆ ಇದ್ದ ರೇಡಿಯೋ ಬಿಡಿಭಾಗಗಳ ಅಂಗಡಿ ಮುಚ್ಚಿ, ಅಲ್ಲಿ ಮೊಬೈಲ್ ಫೋನಿನ ಕವರು ಮಾರುವವರು ಬಂದು ಕೂತ ಮೇಲೆ, ನಮ್ಮ ಥಂಡರ್ ಬೇ ಊರಿನಲ್ಲಿ ಬಟಾಣಿ ಗಾತ್ರದ ಒಂದು ಟ್ರಾನ್ಸಿಸ್ಟರ್ ಹುಡುಕುವುದೆಂದರೆ ಮಗಳಿಗೆ ಗಂಡು ಹುಡುಕಿದ ಹಾಗೆ. ಯಾರ ಮನೆಯಲ್ಲಿದೆ ಎಂದು ಮೊದಲು ಗುಟ್ಟಾಗಿ ವಿಚಾರಿಸಬೇಕು. ಇದೆ ಎಂದು ಗೊತ್ತಾದರೆ ನೇರವಾಗಿ ಕೇಳಬಾರದು. ಚಳಿ, ಮೊಣಕಾಲು ನೋವು, ಹಾಕಿ ಪಂದ್ಯ ಎಲ್ಲ ಮಾತಾಡಿ ಮುಗಿಸಿ ಆಮೇಲೆ ವಿಷಯಕ್ಕೆ ಬರಬೇಕು. ಒಂದೇ ಒಂದು ಉಳಿದಿದ್ದರಂತೂ ಕೊಡುವ ಮಾತೇ ಇಲ್ಲ. ಯಾವತ್ತಾದರೂ ಬೇಕಾಗುತ್ತದೆ ಎನ್ನುತ್ತಾರೆ. ಆ ಯಾವತ್ತೋ ಬರುವ ಮೊದಲು ಮನುಷ್ಯನೇ ಹೋಗಿಬಿಡುತ್ತಾನೆ. ನಾವು ಉಳಿದವರು ಹೋಗಿ ಕಣ್ಣೊರೆಸಿಕೊಂಡು, ಅವನ ನೆಲಮಾಳಿಗೆ ಖಾಲಿ ಮಾಡಿ, ಹಂಚಿಕೊಂಡು ಬಂದು ನಮ್ಮ ನಮ್ಮ ನೆಲಮಾಳಿಗೆ ತುಂಬಿಸುತ್ತೇವೆ.

ಟಪಾಲಿನಲ್ಲಿ ತರಿಸಿದರಾಯಿತಲ್ಲ ಎನ್ನುವವರು ಟೊರೊಂಟೊದವರು. ತರಿಸುತ್ತೇವೆ, ಎಲ್ಲರೂ ತರಿಸುತ್ತೇವೆ. ಆದರೆ ಹೆದ್ದಾರಿಗೆ ಹಿಮ ಕವಿದು ಲಾರಿಗಳು ಸಾಲಾಗಿ ನಿಂತುಬಿಟ್ಟರೆ, ಪೊಟ್ಟಣ ಬರುವ ಹೊತ್ತಿಗೆ ಯಾಕೆ ತರಿಸಿದ್ದೆಂದೇ ಮರೆತಿರುತ್ತದೆ. ಹಳೆಯ ಕಾಲದ ಭಾಗಗಳಂತೂ ಅವರ ಹತ್ತಿರವೂ ಸಿಗುವುದಿಲ್ಲ.

ನನ್ನ ಹೆಸರು ದಾರ್ಕಾ. ಟೆಲಿಫೋನ್ ಕಂಪನಿಯಲ್ಲಿ ಕಂಬ ಹತ್ತಿ ಇಳಿದು ಸವೆದು ನಿವೃತ್ತಳಾದವಳು. ಶನಿವಾರ ಬೆಳಿಗ್ಗೆ ನಮ್ಮ ಉಕ್ರೇನಿಯನ್ ಚರ್ಚಿನ ಕೆಳಗಿನ ಹಾಲಿನಲ್ಲಿ ಹಳೆ ರೇಡಿಯೋ ಹುಚ್ಚಿನವರು ಒಂದಷ್ಟು ಜನ ಸೇರುತ್ತೇವೆ. ಹಿಂದಿನ ದಿನ ಅಲ್ಲೇ ಹೆಂಗಸರು ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಾಡಿ ಮಾರಿರುತ್ತಾರೆ, ಹಾಗಾಗಿ ನಮ್ಮ ಬೆಸುಗೆಯ ಹೊಗೆಗೆ ಹುರಿದ ಈರುಳ್ಳಿಯ ವಾಸನೆ ಇರುತ್ತದೆ. ನಾನೊಬ್ಬಳೇ ಹೆಂಗಸು. ಗಂಡಸರು ಮೊದಮೊದಲು ನನಗೆ ಕಾಫಿ ಮಾಡಲು ಹೇಳುತ್ತಿದ್ದರು. ಒಮ್ಮೆ ಮಾಡಿಕೊಟ್ಟೆ, ಕುಡಿದರು, ಮತ್ತೆ ಕೇಳಲಿಲ್ಲ.

ಆ ಶನಿವಾರ ರೇನೋ ಹಾಪಲಾ ಬಂದ. ರೇನೋ ನಮ್ಮ ಗುಂಪಿನವನಲ್ಲ, ನಮ್ಮ ನೆರೆಯವನು. ಕಾಗದದ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಟಾರ್ಚಿನ ಗಾತ್ರದ ಒಂದು ಲೋಹದ ಯಂತ್ರವನ್ನು ಕತ್ತಿಗೆ ಒತ್ತಿಹಿಡಿದು, ತುಟಿ ಆಡಿಸಿ, ಮಾತಾಡುತ್ತಿದ್ದ. ಯಂತ್ರ ಗುಂಯ್‌ಗುಟ್ಟುತ್ತದೆ, ಬಾಯಿ ಅದನ್ನು ಮಾತು ಮಾಡುತ್ತದೆ. ಅವನ ದನಿ ಇಡೀ ಬೀದಿಗೆ ಗೊತ್ತು. ಪ್ರತಿ ಮಾತೂ ತಗ್ಗಿನಲ್ಲಿ ಗರಗರ ಎಂದು ಶುರುವಾಗಿ, ನಡುಗಿ, ಆಮೇಲೆ ಮೇಲೇರುತ್ತಿತ್ತು, ಜನವರಿಯಲ್ಲಿ ಕಾರು ಸ್ಟಾರ್ಟ್ ಆಗುವ ಹಾಗೆ.

ಅವತ್ತು ಆ ಲೋಹದ ಯಂತ್ರ ಅವನ ಜೇಬಿನಲ್ಲಿತ್ತು. ಕತ್ತಿಗೆ ಒತ್ತಿಕೊಂಡಿದ್ದು ಆಸ್ಪತ್ರೆಯವರು ಎರವಲು ಕೊಟ್ಟ ಹೊಸ ಪ್ಲಾಸ್ಟಿಕ್ಕಿನದು. "ನಮಸ್ಕಾರ," ಎಂದ. ದನಿ ನುಣುಪಾಗಿ, ಒಂದೇ ಸಮನಾಗಿ ಬಂತು.

"ಅಬ್ಬಬ್ಬಾ!" ಎಂದ ನಮ್ಮ ಗುಂಪಿನ ಸಿಲ್ವಿಯೋ, ಮೇಜಿನ ಆ ತುದಿಯಿಂದ. "ಏನೋ ರೇನೋ, ಏರ್‌ಪೋರ್ಟಲ್ಲಿ ಅನೌನ್ಸ್ ಮಾಡೋ ಕೆಲ್ಸ ಸಿಕ್ತಾ? ವಿನಿಪೆಗ್ ವಿಮಾನ ಎಷ್ಟು ಹೊತ್ತಿಗಪ್ಪಾ?"

ಎಲ್ಲರೂ ನಕ್ಕರು. ರೇನೋ ನಗಲಿಲ್ಲ. ಲೋಹದ ಯಂತ್ರವನ್ನು ನನ್ನ ಮುಂದೆ ಇಟ್ಟ.

"ಇದು ಸತ್ತೋಗಿದೆ. ಸರಿ ಮಾಡ್ಕೊಡು ದಾರ್ಕಾ. ಹೆಲ್ಮಿ ತಿಂತಾ ಇಲ್ಲ."

ಹೆಲ್ಮಿ ಅವನ ಹೆಂಡತಿ. ಕಣ್ಣು ಮೊದಲು ಹೋಯಿತು, ನೆನಪು ಆಮೇಲೆ ಹೋಯಿತು. ನದಿಯ ಪಕ್ಕದ ಆರೈಕೆ ಮನೆಯಲ್ಲಿ ಮಲಗಿದ್ದಳು. ಅಲ್ಲಿನವರು ಯಾರು ತಿನ್ನಿಸಲು ಹೋದರೂ ಹಲ್ಲು ಕಚ್ಚಿಕೊಳ್ಳುತ್ತಿದ್ದಳು, ಹಾಗಾಗಿ ರೇನೋ ಮೂರು ಹೊತ್ತೂ ಹೋಗುತ್ತಿದ್ದ. ಹೆಸರು ಹಿಡಿದು ಕರೆದು, ಇಂದು ಹೊರಗೆ ಏನು ನಡೆಯಿತೆಂದು ಹೇಳುತ್ತಾ, ಒಂದೊಂದೇ ಚಮಚ ತಿನ್ನಿಸಿ ಬರುತ್ತಿದ್ದ. ಈಗ ಯಂತ್ರ ಕೆಟ್ಟು ಪ್ಲಾಸ್ಟಿಕ್ಕಿನದು ಬಂದಂದಿನಿಂದ ಅವಳು ಅವನ ಮುಂದೆಯೂ ಹಲ್ಲು ಕಚ್ಚಿಕೊಳ್ಳತೊಡಗಿದ್ದಳು. ಮುಖ ಗೋಡೆಗೆ ತಿರುಗಿಸಿಕೊಂಡು ಮಲಗಿಬಿಡುತ್ತಿದ್ದಳಂತೆ.

"ಸೋಮವಾರ ಡಾಕ್ಟ್ರು ಬರ್ತಾರೆ," ಎಂದ ರೇನೋ. "ಹೀಗೇ ಇದ್ರೆ ಆಸ್ಪತ್ರೆಗೆ ಕಳ್ಸಿ ಮೂಗಿಗೆ ನಳಿಗೆ ಹಾಕ್ತೀವಿ ಅಂತಾರೆ. ಅವಳು ಕಿತ್ತಾಕ್ತಾಳೆ. ಕಿತ್ತಾಕದ ಹಾಗೆ ಕೈ ಕಟ್ತಾರೆ. ಹೆಲ್ಮಿ ಕೈನ ಮಂಚಕ್ಕೆ ಕಟ್ತಾರಂತೆ."

ಇಷ್ಟನ್ನೂ ಆ ಏರ್‌ಪೋರ್ಟಿನ ದನಿಯಲ್ಲೇ ಹೇಳಿದ. ಹಾಲಿನಲ್ಲಿ ಯಾರಿಗೂ ನಗು ಉಳಿಯಲಿಲ್ಲ.

ಬಿಚ್ಚಿದೆ. ಒಳಗೆ ಹಳೆಯ ಕಾಲದ ಟ್ರಾನ್ಸಿಸ್ಟರೊಂದು ಸತ್ತಿತ್ತು. ಅಂಥದ್ದು ನನ್ನ ಹತ್ತಿರ ಇರಲಿಲ್ಲ, ಅಲ್ಲಿದ್ದ ಯಾರ ಹತ್ತಿರವೂ ಇರಲಿಲ್ಲ. ಎಲ್ಲರೂ ಒಟ್ಟಿಗೇ ಸಿಲ್ವಿಯೋ ಕಡೆ ತಿರುಗಿದೆವು.

ಸಿಲ್ವಿಯೋ ಬೆರ್ತೋಲ್ದಿಯ ಬಗ್ಗೆ ಇಲ್ಲಿ ಹೇಳಲೇಬೇಕು. ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದವನು. ಅವನ ನೆಲಮಾಳಿಗೆ ನಮ್ಮ ಊರಿನ ಅತಿ ದೊಡ್ಡ ಖಜಾನೆ. ಗೋಡೆಯುದ್ದಕ್ಕೂ ಜಾಮಿನ ಬಾಟಲಿಗಳು, ಕಾಫಿ ಡಬ್ಬಗಳು, ಪ್ರತಿಯೊಂದಕ್ಕೂ ಅಂಟಿಸಿದ ಚೀಟಿ: ಪರೀಕ್ಷಿಸಿದೆ, ಚೆನ್ನಾಗಿದೆ. ನಾವು ಉಳಿದವರೆಲ್ಲ ಜಿಪುಣರು, ಸಿಲ್ವಿಯೋ ಹಾಗಲ್ಲ. ಕೇಳುವ ಮೊದಲೇ ಕೊಡುತ್ತಾನೆ. ಒಂದೇ ಉಳಿದಿದ್ದರೂ ಕೊಡುತ್ತಾನೆ. ಕೊಟ್ಟ ಮೇಲೆ ಮನೆಯಲ್ಲಿ ಮಾಡಿದ ವೈನನ್ನೂ ಕುಡಿಸುತ್ತಾನೆ. ಅವನ ಹೆಂಡತಿ ಇದ್ದಾಗ ಬಿಸ್ಕತ್ತು ಕೂಡ ಸಿಗುತ್ತಿತ್ತು.

ತೊಂದರೆ ಒಂದೇ. ಟ್ರಾನ್ಸಿಸ್ಟರ್ ಡಬ್ಬದಲ್ಲಿ ಎಷ್ಟು ಕಾಲ ಕೂತರೂ ಕೆಡುವುದಿಲ್ಲ. ಕಂಡೆನ್ಸರ್ ಕೆಡುತ್ತದೆ. ಅದು ವಿದ್ಯುತ್ತನ್ನು ತುಂಬಿಕೊಂಡು ಮತ್ತೆ ಸುರಿಯುವ ಪುಟ್ಟ ಬಿಂದಿಗೆ. ಸುಮ್ಮನೆ ಕೂತು ಕೂತು ಒಳಗೆ ಒಣಗಿ ಸೋರತೊಡಗುತ್ತದೆ. ಸಿಲ್ವಿಯೋ ಪರೀಕ್ಷಿಸಿದ್ದು ನಿಜ, ಚೀಟಿ ಬರೆದದ್ದೂ ನಿಜ, ಆದರೆ ಅದು ಯಾವ ಕಾಲದಲ್ಲೋ. ಅವನಿಗೆ ಇದನ್ನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಹಾಗಾಗಿ ಒಂದು ರೂಢಿ ಬೆಳೆದಿತ್ತು: ಸಿಲ್ವಿಯೋ ಕಂಡೆನ್ಸರ್ ಕೊಟ್ಟರೆ ಕೈಮುಗಿದು ತೆಗೆದುಕೊಳ್ಳುವುದು, ಮನೆಗೆ ಹೋಗಿ, ಯಾರೂ ತಪ್ಪಿ ಮತ್ತೆ ಬಳಸದ ಹಾಗೆ ಇಕ್ಕಳದಲ್ಲಿ ಅದರ ಹೊಟ್ಟೆ ಒಡೆದು ಕಸಕ್ಕೆ ಹಾಕುವುದು, ಟಪಾಲಿನಲ್ಲಿ ತರಿಸಿದ ಹೊಸದನ್ನು ಹಾಕುವುದು, ಮುಂದಿನ ಶನಿವಾರ "ನೀನು ಕೊಟ್ಟಿದ್ದು ಚಿನ್ನದಂಥಾದ್ದು ಕಣೋ" ಎನ್ನುವುದು. ಹೊಸಬರು ಸೇರಿದರೆ ಅವರಿಗೂ ಇದನ್ನು ಮೆಲ್ಲಗೆ ಹೇಳಿಕೊಡುತ್ತಿದ್ದೆವು.

ಸಿಲ್ವಿಯೋ ಮನೆಗೆ ಹೋಗಿ ಟ್ರಾನ್ಸಿಸ್ಟರ್ ತಂದ. ಜೊತೆಗೆ ಒಂದು ಕಂಡೆನ್ಸರನ್ನೂ ತಂದ.

"ಬಿಚ್ಚಿದ್ದಾಯ್ತಲ್ಲ, ಕಂಡೆನ್ಸರೂ ಬದಲಾಯ್ಸಿಬಿಡು," ಎಂದ. "ಹಳೇದು ಸೋರ್ತಿದೆ ನೋಡು, ಮೀಟರಲ್ಲಿ ಮುಳ್ಳು ಹೆಂಗೆ ತೂರಾಡ್ತಿದೆ. ತಗೋ, ಇದು ಗಟ್ಟಿ ಮಾಲು."

ಇದು ನಮ್ಮವರ ಕುಲಾಚಾರ. ಹಳೆಯ ಪೆಟ್ಟಿಗೆ ಬಿಚ್ಚಿದರೆ, ಕೆಟ್ಟದ್ದು ಯಾವುದೇ ಇರಲಿ, ಕಂಡೆನ್ಸರುಗಳನ್ನೆಲ್ಲ ಬದಲಾಯಿಸದೆ ಮುಚ್ಚುವುದಿಲ್ಲ. ಯಾಕೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಸಿಲ್ವಿಯೋ ಕೊಟ್ಟದ್ದನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಅವನು ಕಾಫಿ ಹಾಕಿಕೊಳ್ಳಲು ಹೋದಾಗ ನನ್ನ ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಹಾಕಿದೆ. ಅವನು ತಿರುಗಿ ಬರುವಷ್ಟರಲ್ಲಿ ಯಂತ್ರದ ಹಳೆಯದರ ಹೊಟ್ಟೆಯನ್ನೂ, ಅವನು ಕೊಟ್ಟದ್ದರ ಹೊಟ್ಟೆಯನ್ನೂ ಕಟಕ್ ಕಟಕ್ ಎಂದು ಒಡೆದು ಬುಟ್ಟಿಗೆ ಹಾಕಿದೆ.

ರೇನೋ ಯಂತ್ರವನ್ನು ಕತ್ತಿಗೆ ಒತ್ತಿ "ಹೆಲ್ಮಿ" ಎಂದ. ಗರಗರ ಇಲ್ಲ, ನಡುಕ ಇಲ್ಲ, ದನಿ ನೆಟ್ಟಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೀಟರಿನ ಮುಳ್ಳು ಕೂಡ ಅಲ್ಲಾಡದೆ ನಿಂತಿತ್ತು. ಅವತ್ತು ನಾವು ರೇನೋನ ಮುಖ ನೋಡಬೇಕಿತ್ತು. ಎಲ್ಲರೂ ಮೀಟರು ನೋಡುತ್ತಿದ್ದೆವು.

ಭಾನುವಾರ ಚರ್ಚಿನಿಂದ ಬಂದು ಬೂಟು ಬಿಚ್ಚುತ್ತಿದ್ದೆ, ಫೋನು ಬಂತು.

"ಹೆಲ್ಮಿ ಈ ಕಡೆ ತಿರುಗೇ ಇಲ್ಲ," ಎಂದ ರೇನೋ. ಆ ಶುದ್ಧವಾದ ದನಿ ನನ್ನದೇ ಕೈಕೆಲಸ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಆರೈಕೆ ಮನೆಗೆ ಹೋದೆ. ಹೆಲ್ಮಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಕಾಲದಲ್ಲಿ ಈ ಹೆಂಗಸು ಫಿನ್ನಿಶ್ ಹೋಟೆಲಿನಲ್ಲಿ ದೋಸೆಯಗಲದ ಪ್ಯಾನ್‌ಕೇಕುಗಳ ಐದಾರು ತಟ್ಟೆಯನ್ನು ಒಂದೇ ತೋಳಿನಲ್ಲಿ ಹೊತ್ತು ಓಡಾಡುತ್ತಿದ್ದಳು. ಈಗ ಆ ತೋಳು ಹೊದಿಕೆಯ ಮೇಲೆ ಕಡ್ಡಿಯ ಹಾಗೆ ಬಿದ್ದಿತ್ತು. ರೇನೋ ಹತ್ತಿರ ಹೋಗಿ "ಹೆಲ್ಮಿ, ನಾನು" ಎಂದ. ಅವಳು ಹೊದಿಕೆಯೊಳಗೆ ಕೈ ಎಳೆದುಕೊಂಡಳು.

ಅಲ್ಲಿ ಕೆಲಸ ಮಾಡುವ ಟ್ಯಾನಿಸ್ ಎಂಬ ಹೆಂಗಸು ಮುಟ್ಟದೆ ಉಳಿದ ತಟ್ಟೆ ತೆಗೆಯಲು ಬಂದಳು.

"ಏನು ಮಾಡಿದ್ರಿ ಆ ಯಂತ್ರಕ್ಕೆ?" ಎಂದು ನನ್ನನ್ನೇ ಕೇಳಿದಳು.

"ಸರಿ ಮಾಡ್ದೆ."

"ಸರಿ ಮಾಡಿದ್ರಾ! ಮೊದ್ಲು ಗರಗರ ಅಂತಿತ್ತಲ್ಲ, ಅದೇ ಅಲ್ವಾ ಇವರಿಗೆ ಗುರುತು? ಬಾಗಿಲ ಹತ್ರ ಆ ಗರಗರ ಕೇಳಿದ್ರೆ ಸಾಕು, ದಿಂಬಿಂದ ತಲೆ ಎತ್ತೋರು. ಈಗ ಈ ರೇಡಿಯೋ ವಾರ್ತೆ ಓದೋನು ಯಾರು ಅಂತ ಅವರಿಗೇನು ಗೊತ್ತು?"

ರೇನೋ ನನ್ನನ್ನು ನೋಡಿದ. ಆ ಗರಗರ ಯಾವುದೆಂದು ನನಗೆ ಆಗಲೇ ಹೊಳೆದಿತ್ತು: ಸೋರುವ ಕಂಡೆನ್ಸರ್ ತುಂಬುವುದಕ್ಕೆ ಒದ್ದಾಡುವ ಸದ್ದು ಅದು. ಆ ಮನುಷ್ಯನ ದನಿಯನ್ನು ನಾನು ಇಕ್ಕಳದಲ್ಲಿ ಒಡೆದು ಕಸಕ್ಕೆ ಹಾಕಿದ್ದೆ.

ಮನೆಗೆ ಬಂದು ಮೊದಲು ನಾನೇ ಒಂದು ಒಳ್ಳೆಯ ಕಂಡೆನ್ಸರನ್ನು ಕೆಡಿಸಲು ನೋಡಿದೆ. ಕಾಯಿಸಿದೆ, ಸೂಜಿಯಿಂದ ಚುಚ್ಚಿದೆ. ಒಂದು ಸತ್ತೇ ಹೋಯಿತು, ಇನ್ನೊಂದಕ್ಕೆ ಏನೂ ಆಗಲಿಲ್ಲ. ಸಾವಕಾಶವಾಗಿ, ವರ್ಷಗಟ್ಟಲೆ ಕೂತು ಕೆಟ್ಟದ್ದು ಬೇಕಿತ್ತು. ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಲು ಬರುವುದಿಲ್ಲ. ಬೇರೆ ಸರ್ಕೀಟು ಕಟ್ಟಿ ಆ ಗರಗರವನ್ನು ಹುಟ್ಟಿಸಬಹುದಿತ್ತು, ಆದರೆ ಅದಕ್ಕೆ ದಿನಗಳು ಬೇಕು. ನಾಳೆ ಡಾಕ್ಟರು ಬರುವವರಿದ್ದರು.

ಫೋನು ಹಿಡಿದು ಕೂತೆ. ಗುಂಪಿನವರಿಗೆಲ್ಲ ಮಾಡಿದೆ.

"ಕೆಟ್ಟಿದ್ದಾ?" ಎಂದ ಒಬ್ಬ. "ನನ್ನ ಹತ್ರ ಕೆಟ್ಟ ಮಾಲು ಯಾಕಿರುತ್ತೆ? ಏನಂದ್ಕೊಂಡಿದ್ದೀಯ ನನ್ನ?"

"ದಾರ್ಕಾ, ಮಧ್ಯಾಹ್ನನೇ ಕುಡಿಯಕ್ಕೆ ಶುರು ಹಚ್ಕೊಂಡ್ಯಾ?" ಎಂದ ಇನ್ನೊಬ್ಬ. "ಒಳ್ಳೇದು ಬೇಕಾದ್ರೆ ಹೇಳು, ಅರ್ಧ ಡಜನ್ ಇದೆ, ಪೊಟ್ಟಣ ಬಿಚ್ಚಿಲ್ಲ."

ನಲವತ್ತು ವರ್ಷ ಒಳ್ಳೆಯದನ್ನು ಬಚ್ಚಿಟ್ಟ ಜನ, ಕೆಟ್ಟದ್ದನ್ನು ಇಟ್ಟುಕೊಂಡಿದ್ದೇವೆಂದು ಒಪ್ಪಿಕೊಳ್ಳುವವರು ಒಬ್ಬರೂ ಇಲ್ಲ. ನಿಜಕ್ಕೂ ಯಾರ ಹತ್ತಿರವೂ ಇರಲೂ ಇಲ್ಲ, ನನ್ನ ಹಾಗೆಯೇ ಎಲ್ಲರೂ ಒಡೆದು ಎಸೆಯುವವರು. ಎಲ್ಲಿದೆ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಊರಿನ ಕೆಟ್ಟ ಕಂಡೆನ್ಸರೆಲ್ಲ ಒಂದೇ ಕಡೆ, ಅಂದವಾದ ಚೀಟಿ ಅಂಟಿಸಿಕೊಂಡು ಕೂತಿದ್ದವು. ಅಲ್ಲಿಗೆ ಹೋಗಲು ಮನಸ್ಸು ಬಾರದೆ ಊರೆಲ್ಲ ಫೋನು ಮಾಡುತ್ತಿದ್ದೆ.

ರೇನೋನನ್ನು ಕಾರಿನಲ್ಲಿ ಕೂರಿಸಿಕೊಂಡು ಸಿಲ್ವಿಯೋ ಮನೆಗೆ ಹೋದೆ. ದಾರಿಯಲ್ಲಿ ಲೆಕ್ಕ ಹಾಕಿದೆ: ಅವನಿಗೆ ಏನೂ ಹೇಳದೆ ಒಂದು ಕೇಳಿ ಇಸಕೊಳ್ಳುವುದು, ಬೆಸೆಯುವುದು, ಹೊರಡುವುದು. ಇಷ್ಟು ವರ್ಷ ಉಳಿದ ಮರ್ಯಾದೆ ಇವತ್ತೂ ಉಳಿಯಲಿ.

"ನಿನ್ನೆ ಕೊಟ್ನಲ್ಲ?" ಎಂದ ಸಿಲ್ವಿಯೋ.

"ಅದರ ತಂತಿಕಾಲು ಮುರೀತು."

"ಕೈ ನಡುಗ್ತಾ ನಿಂಗೆ? ವಯಸ್ಸಾಯ್ತು ಕಣೇ. ಬಾ ಬಾ, ಕೆಳಗಡೆ ಬಾ. ಬೇಕಾದಷ್ಟಿದೆ."

ನೆಲಮಾಳಿಗೆಯಲ್ಲಿ ವೈನಿನ ಪೀಪಾಯಿಗಳ ಪಕ್ಕ ಅವನ ಮೇಜು. ಗೋಡೆಗೆ ಅಕಾರ್ಡಿಯನ್ ನೇತುಹಾಕಿದ್ದ. ಇಟಾಲಿಯನ್ನರ ಸಭಾಭವನದ ಮದುವೆಗಳಲ್ಲಿ ಈಗಲೂ ಅವನೇ ನುಡಿಸುವುದು. ಬಾಟಲಿಯೊಂದರಿಂದ ಕಂಡೆನ್ಸರ್ ತೆಗೆದು ಕೊಟ್ಟ. ಬೆಸೆದೆ. ರೇನೋ ಒತ್ತಿ "ಹೆಲ್ಮಿ" ಎಂದ. ನೊಣದ ಹಾಗೆ ಸಣ್ಣಗೆ ಕಿಂಯ್ ಎಂದಿತು.

"ಇದು ಬೇಡ, ಇನ್ನೊಂದು ಕೊಡು," ಎಂದೆ.

ಇನ್ನೊಂದು ಕೊಟ್ಟ. "ಹೆಲ್ಮಿ." ಈ ಸಲ ದನಿ ಎಲ್ಲೋ ಪಾತಾಳದಿಂದ ಬಿಕ್ಕಿ ಬಿಕ್ಕಿ ಬಂತು. ಮತ್ತೊಂದರಲ್ಲಿ ಸದ್ದೇ ಹೊರಡಲಿಲ್ಲ. ಅದರ ಮುಂದಿನದು ಶುರುವಿನಲ್ಲಿ ಚೆನ್ನಾಗಿದ್ದು ಕೊನೆಗೆ ಕುಸಿಯಿತು. ರೇನೋ ಬೇಸರಿಸದೆ ಪ್ರತಿ ಸಲವೂ ಹೆಂಡತಿಯ ಹೆಸರನ್ನು ಮೊದಲ ಸಲ ಕರೆಯುವ ಹಾಗೆಯೇ ಕರೆಯುತ್ತಿದ್ದ.

ಸಿಲ್ವಿಯೋ ಬಾಟಲಿಗೆ ಕೈ ಹಾಕಿದವನು ಹಾಗೇ ನಿಂತ. ಅಕಾರ್ಡಿಯನ್ ನುಡಿಸುವವನ ಕಿವಿ ಅದು, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಇವೆಲ್ಲ ಒಂದೇ ನಂಬರಿನವು, ದಾರ್ಕಾ," ಎಂದ.

"ಹೂಂ."

"ಒಂದೇ ದಿನ ತಂದಿದ್ದು. ಒಂದೇ ಸ್ವರ ಬರ್ಬೇಕು."

ನಾನು ಸೋಲ್ಡರಿಂಗ್ ಐರನ್ನಿನ ತುದಿ ಒರೆಸುತ್ತಾ ಕೂತೆ. ಅವನು ಮೇಜಿನ ಮೇಲಿದ್ದ ನನ್ನ ಮೀಟರನ್ನು ಎಳೆದುಕೊಂಡು, ಬಾಟಲಿಯಿಂದ ಒಂದನ್ನು ತೆಗೆದು ಅಳೆದ. ಇನ್ನೊಂದನ್ನು ಅಳೆದ. ಪಕ್ಕದ ಡಬ್ಬ ತೆರೆದು ಅದರದ್ದೂ ಅಳೆದ. ಚೀಟಿಗಳ ಕಡೆ ಒಮ್ಮೆ ನೋಡಿದ. ಆಮೇಲೆ ಪೀಪಾಯಿಯ ಮೇಲೆ ಕೂತ.

"ಇದು ನಿಮಗೆಲ್ಲ ಗೊತ್ತಿತ್ತು."

ಸುಳ್ಳು ಹೇಳಲು ಬಾಯಿ ತೆರೆದೆ. "ಗೊತ್ತಿತ್ತು," ಎಂದೆ.

"ಎಷ್ಟು ದಿನದಿಂದ?"

"ತುಂಬಾ ದಿನದಿಂದ ಕಣೋ."

"ನಾನು ಕೊಟ್ಟಿದ್ದೆಲ್ಲ?"

"ಟ್ರಾನ್ಸಿಸ್ಟರೆಲ್ಲ ಚೆನ್ನಾಗೇ ಇದಾವೆ. ನಿನ್ನೆ ಕೊಟ್ಟಿದ್ದೇ ನೋಡು..."

"ನಾನು ಕಂಡೆನ್ಸರ್ ಕೇಳ್ದೆ."

"ಬಿಸಾಕ್ತಿದ್ವಿ."

ಅವನ ದೊಡ್ಡ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ನನಗೆ ಅವನ ಮೇಲೆ ಎಷ್ಟು ಪ್ರೀತಿಯಿದೆಯೆಂದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ. "ನಿನ್ನ ನೋಯಿಸ್ಬಾರ್ದು ಅಂತ, ಸಿಲ್ವಿಯೋ," ಎಂದೆ. ಆ ಮಾತು ಎಷ್ಟು ಬಡಕಲಾಗಿ ಕೇಳಿಸಿತೆಂದರೆ ಹೇಳದೆ ಇದ್ದರೇ ಚೆನ್ನಾಗಿತ್ತು.

"ನಾನು ಸತ್ತ ಮೇಲೆ ಇದೆಲ್ಲ ನಿಮಗೇ ಅಂತ ಇಟ್ಟಿದ್ದೆ," ಎಂದ. "ನೀವು ಬಂದು ಹಂಚ್ಕೊತೀರ, ಸಿಲ್ವಿಯೋದು ಸಿಲ್ವಿಯೋದು ಅಂತ ಒಬ್ರಿಗೊಬ್ರು ಹೇಳ್ಕೊತೀರ ಅಂತ. ಕಸದ ಗಾಡಿ ಕರೆಸ್ತಿದ್ರಿ ಅನ್ನು."

ಮನೆ ಬಿಸಿ ಮಾಡುವ ಫರ್ನೇಸು ಹೊತ್ತಿಕೊಂಡು ಬುಸುಗುಟ್ಟಿತು. ರೇನೋ ಯಂತ್ರವನ್ನು ಕತ್ತಿಗೆ ಒತ್ತಿದ. ಅದರಲ್ಲಿ ಇನ್ನೂ ಆ ಕುಸಿಯುವ ಕಂಡೆನ್ಸರೇ ಇತ್ತು.

"ಸಿಲ್ವಿಯೋ," ಎಂದ. "ನಂಗೆ ಕೆಟ್ಟಿದ್ದೇ ಬೇಕು. ಊರೆಲ್ಲ ಹುಡುಕಿದ್ವಿ. ನಿನ್ನ ಬಿಟ್ರೆ ಯಾರತ್ರಾನೂ ಇಲ್ಲ."

ಹೆಲ್ಮಿ ವಿಷಯವನ್ನು, ಗರಗರದ ವಿಷಯವನ್ನು ನಾನು ಆಗ ಹೇಳಿದೆ. ಅವನು ಕೊಟ್ಟ ಕಂಡೆನ್ಸರನ್ನು ನಿನ್ನೆ ಹಾಕಿದ್ದರೆ ಅವಳು ಇಷ್ಟು ಹೊತ್ತಿಗೆ ಉಂಡಿರುತ್ತಿದ್ದಳೋ ಏನೋ ಎಂಬುದನ್ನೂ ಹೇಳಿದೆ. ಸಿಲ್ವಿಯೋ ನನ್ನನ್ನು ದುರುಗುಟ್ಟಿ ನೋಡಿದ.

"ನಿನ್ನೆ ನನ್ನ ಕಣ್ಣೆದುರೇ ಬದಲಾಯ್ಸಿದ್ಯಾ?"

"ಕಾಫಿ ತರೋಕೆ ಹೋಗಿದ್ದೆ ನೀನು."

"ಕಳ್ಳಿ," ಎಂದ. ಎದ್ದ. ಮೂಗು ಒರೆಸಿಕೊಂಡ. "ಸರಿ, ಆ ಸದ್ದು ನಂಗೆ ಗೊತ್ತು. ತಗ್ಗಲ್ಲಿ ಶುರುವಾಗಿ ನಡುಗ್ತಾ ಮೇಲೆ ಬರೋದು. ಸೋರ್ಬೇಕು, ಆದ್ರೆ ಪೂರ್ತಿ ಸೋರ್ಬಾರ್ದು. ಫರ್ನೇಸ್ ಪಕ್ಕ ಇದ್ದಿದ್ದೆಲ್ಲ ಒಣಗಿ ಕಡ್ಡಿ ಆಗಿರುತ್ತೆ, ಅದು ಬೇಡ. ನೀನು ಇಷ್ಟೊತ್ತು ಹಾಕಿದ್ದೆಲ್ಲ ಅಲ್ಲಿಂದೇ. ಕಿಟಕಿ ಕೆಳಗಿರೋದು ಚಳಿಯಲ್ಲಿ ಇರುತ್ತೆ, ಅಷ್ಟು ಕೆಟ್ಟಿರಲ್ಲ. ಎರಡರ ನಡುವೆ ಎಲ್ಲಾದ್ರೂ ನೋಡ್ಬೇಕು."

ತನ್ನ ಖಜಾನೆ ಯಾವ ಮೂಲೆಯಲ್ಲಿ ಎಷ್ಟು ಹಾಳಾಗಿರಬಹುದೆಂದು ಯೋಚಿಸುತ್ತಾ ಅವನು ಗೋಡೆಯುದ್ದಕ್ಕೂ ನಡೆದ. ಮೆಟ್ಟಿಲಿನ ಕೆಳಗೆ ಬಗ್ಗಿ, ಜೇಡರ ಬಲೆ ಸರಿಸಿ, ಒಂದು ಹಸಿರು ಡಬ್ಬ ಎಳೆದ. ಅದರಿಂದ ಒಂದನ್ನು ಹಾಕಿದೆವು. ಹತ್ತಿರ ಬಂತು, ನಡುಕ ಸಾಲದು. ಅದರ ಹಿಂದಿನ ಡಬ್ಬದ್ದು ಹಾಕಿದೆವು. ನಡುಕ ಜಾಸ್ತಿಯಾಯಿತು. "ಇವೆರಡರ ಮಧ್ಯ ಇದೆ," ಎಂದು ಸಿಲ್ವಿಯೋ ಬೋರಲು ಮಲಗಿ ಒಳಗೆ ಕೈ ತೂರಿಸಿದ. ಅವನ ದಪ್ಪ ಬೆನ್ನು ಮೆಟ್ಟಿಲಿಗೆ ಸಿಕ್ಕಿಕೊಂಡು, ನಾವಿಬ್ಬರೂ ಕಾಲು ಹಿಡಿದು ಎಳೆಯಬೇಕಾಯಿತು. ಕೈಯಲ್ಲಿ ಒಂದು ಸಾಸಿವೆ ಬಾಟಲಿ ಇತ್ತು.

ಅದರೊಳಗಿನ ಮೊದಲನೆಯದನ್ನೇ ಬೆಸೆದೆ. ರೇನೋ ಒತ್ತಿದ.

"ಹೆಲ್ಮಿ."

ಗರಗರ ಎಂದು ತಗ್ಗಿನಲ್ಲಿ ಹುಟ್ಟಿ, ನಡುಗಿ, ಮೇಲೇರಿ ನಿಂತಿತು. ನಮ್ಮ ಬೀದಿಯ ರೇನೋ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿಲ್ವಿಯೋಗೆ ಧೂಳಿಗೋ ಏನೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗಂತೂ ಧೂಳಿನ ನೆಪವೂ ಇರಲಿಲ್ಲ.

"ಒಂದು ವಿಷ್ಯ," ಎಂದೆ, ಯಂತ್ರದ ಮುಚ್ಚಳ ಹಾಕುತ್ತಾ. "ಕರೆಂಟು ಹರಿದೂ ಹರಿದೂ ಕೆಲವು ಸಲ ಇವು ಸುಧಾರಿಸಿಬಿಡ್ತವೆ."

"ಸುಧಾರಿಸಿದ್ರೆ ವಾಪಸ್ ತಂದ್ಕೊಡು ರೇನೋ," ಎಂದ ಸಿಲ್ವಿಯೋ. "ಇನ್ನೂ ಕೆಟ್ಟಿದ್ದು ಕೊಡ್ತೀನಿ."

ಬಾಟಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಅವನೂ ನಮ್ಮ ಜೊತೆ ಕಾರು ಹತ್ತಿದ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಆರೈಕೆ ಮನೆಯಲ್ಲಿ ಸಂಜೆಯ ಊಟದ ಹೊತ್ತು. ಟ್ಯಾನಿಸ್ ಅಕ್ಕಿಯ ಗಂಜಿಗೆ ದಾಲ್ಚಿನ್ನಿ ಪುಡಿ ಉದುರಿಸಿ ತಂದಿಟ್ಟಳು. "ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಇಲ್ಲ," ಎಂದಳು ನನ್ನ ಕಿವಿಯಲ್ಲಿ. ಸಿಲ್ವಿಯೋ ಮತ್ತು ನಾನು ಗೋಡೆಗೆ ಒರಗಿ ನಿಂತೆವು. ಸಿಲ್ವಿಯೋ ಟೋಪಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ರೇನೋ ಬಾಗಿಲಲ್ಲೇ ನಿಂತು ಯಂತ್ರ ಒತ್ತಿದ. ಜಾಗ ತಪ್ಪಿತು, ಮತ್ತೆ ಒತ್ತಿದ.

"ಹೆಲ್ಮಿ. ಹೊರಗೆ ಹಿಮ ಬೀಳ್ತಾ ಇದೆ."

ಹೊದಿಕೆ ಅಲ್ಲಾಡಿತು. ಗೋಡೆಯ ಕಡೆಯಿದ್ದ ತಲೆ ದಿಂಬಿನಿಂದ ಎದ್ದು, ಸದ್ದು ಬಂದ ದಿಕ್ಕಿಗೆ ತಿರುಗಿತು. ಕಾಣದ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಅವರ ಫಿನ್ನಿಶ್ ಭಾಷೆ ನನಗೆ ನೆರೆಹೊರೆಯಿಂದ ಬಂದಷ್ಟು ಬರುತ್ತದೆ. ಅವಳು ಅಂದದ್ದು ಎಲ್ಲವೂ ಅರ್ಥವಾಯಿತು.

"ಎಲ್ಲೋಗಿದ್ದೆ ಇಷ್ಟು ದಿನ?" ಎಂದಳು. ಸಿಟ್ಟಿನಲ್ಲಿದ್ದಳು. "ಬಿಟ್ಟೋಗ್ಬಿಟ್ಟೆ ನನ್ನ. ಯಾವನೋ ಒಬ್ಬ ದಿನಾ ಬರ್ತಿದ್ದ. ನಿನ್ನ ಹೆಸರು ಹೇಳ್ಕೊಂಡು ಬರ್ತಿದ್ದ. ಒಳ್ಳೆ ದನಿ ಅವಂದು. ನನ್ನ ಕೈ ಹಿಡ್ಕೊಳಕ್ಕೆ ಬರ್ತಿದ್ದ."

ರೇನೋ ಹಾಸಿಗೆಯ ಅಂಚಿನಲ್ಲಿ ಕೂತ. ಮಾತಾಡಲು ಯಂತ್ರ ಒತ್ತಿದ, ತುಟಿ ಆಡಲಿಲ್ಲ, ಬರೀ ಗರಗರ ಬಂತು. ಅವಳ ಕೈ ಗಾಳಿಯಲ್ಲಿ ತಡಕಾಡಿ, ಆ ಸದ್ದಿನ ಹಿಂದೆ ಹೋಗಿ, ಅವನ ಕತ್ತನ್ನು ಮುಟ್ಟಿತು.

"ನಾನು ಅವನ ಕೈಯಿಂದ ಏನೂ ತಿನ್ಲಿಲ್ಲ," ಎಂದಳು ಹೆಲ್ಮಿ. "ಒಂದು ತುತ್ತೂ ತಿನ್ಲಿಲ್ಲ."

"ಒಳ್ಳೇದು ಮಾಡ್ದೆ," ಎಂದ ರೇನೋ, ಮತ್ತು ಚಮಚ ಎತ್ತಿಕೊಂಡ.